‘ಯಾಕೆ ಹೋದೆ?’ ಅನ್ನುವ ಮೊದಲು: ಲೈಂಗಿಕ ದೌರ್ಜನ್ಯದ ನೋವು ಹೇಳಿಕೊಂಡವರಿಗೆ ಕಿವಿಯಾಗುವುದು ಹೇಗೆ

ಡಿಗ್ರಿ ಎರಡನೇ ವರ್ಷ. ಹಾಸ್ಟೆಲ್ಲಿನ ತಾರಸಿಯ ಮೇಲೆ ನಾನೂ ಗೆಳತಿಯೂ ಒಣಗಿದ ಬಟ್ಟೆ ತೆಗೆಯುತ್ತಿದ್ದೆವು. ದೀಪಾವಳಿ ರಜೆ ಮುಗಿಸಿ ಆಗಷ್ಟೇ ಬಂದಿದ್ದಳು. ಇದ್ದಕ್ಕಿದ್ದ ಹಾಗೆ, ನನ್ನ ಕಡೆ ನೋಡದೆ, ಊರಲ್ಲಿ ಸಂಬಂಧಿಕನೊಬ್ಬ ತನಗೆ ಏನು ಮಾಡಿದ ಅಂತ ಹೇಳಿದಳು. ಮೂರೋ ನಾಲ್ಕೋ ಮಾತು, ಅಷ್ಟೇ. ನಾನು ಕೇಳಿದ ಮೊದಲ ಪ್ರಶ್ನೆ: "ಅಷ್ಟು ಹೊತ್ತಲ್ಲಿ ಅವನ ರೂಮಿಗೆ ಯಾಕೆ ಹೋದೆ?"

ಅವಳು ಕೈಯಲ್ಲಿದ್ದ ಚೂಡಿದಾರ ಮಡಚಿದಳು. "ಹೌದಲ್ವಾ, ಹೋಗಬಾರದಿತ್ತು" ಅಂದಳು. ಕೆಳಗೆ ಇಳಿದು ಹೋದಳು. ಆಮೇಲೆ ಒಂಬತ್ತು ವರ್ಷ ಆ ವಿಷಯ ಎತ್ತಲಿಲ್ಲ.

ನಾನು ಅವಳನ್ನು ಅನುಮಾನಿಸಿ ಕೇಳಿರಲಿಲ್ಲ. ಗಾಬರಿಯಲ್ಲಿ ಬಾಯಿಗೆ ಬಂದದ್ದು ಅದು. ಆದರೆ ಕೇಳಿಸಿಕೊಂಡವಳಿಗೆ ನನ್ನ ಮನಸ್ಸು ಕಾಣಿಸುವುದಿಲ್ಲ, ಮಾತು ಮಾತ್ರ ಕೇಳಿಸುತ್ತದೆ. ಅವಳನ್ನು ಕೇಳಿ, ಅವಳು ಒಪ್ಪಿದ ಮೇಲೆ, ಗುರುತು ಸಿಗುವ ವಿವರ ಬದಲಿಸಿ ಇದನ್ನು ಬರೆದಿದ್ದೇನೆ. ನಿಮ್ಮ ಮುಂದೆ ಒಬ್ಬ ತಂಗಿ, ಮಗಳು, ಗೆಳತಿ, ಹೆಂಡತಿ, ಸಹೋದ್ಯೋಗಿ ಅಥವಾ ಒಬ್ಬ ಹುಡುಗ ಬಾಯಿ ಬಿಟ್ಟಾಗ ನೀವು ಏನು ಮಾಡಬೇಕು ಅನ್ನುವುದು ಈ ಬರಹದ ವಿಷಯ.

ಮೊದಲು ಇಷ್ಟು ತಿಳಿದಿರಲಿ: ನಿಮ್ಮ ಮಾತಿಗೆ ಎಷ್ಟು ತೂಕ

ಅಮೆರಿಕದ ಷಿಕಾಗೊದಲ್ಲಿರುವ ಇಲಿನಾಯ್ ವಿಶ್ವವಿದ್ಯಾಲಯದ ಸಾರಾ ಉಲ್‌ಮನ್ ಈ ವಿಷಯವನ್ನೇ ದಶಕಗಳಿಂದ ಅಧ್ಯಯನ ಮಾಡಿದವರು. ದೌರ್ಜನ್ಯಕ್ಕೆ ಒಳಗಾದವರು ಬೇರೆಯವರಿಗೆ ಹೇಳಿಕೊಂಡಾಗ ಎಂಥ ಪ್ರತಿಕ್ರಿಯೆ ಸಿಕ್ಕಿತು ಎಂದು ಅಳೆಯಲು 2000ದಲ್ಲಿ ಅವರು ಒಂದು ಪ್ರಶ್ನಾವಳಿ ಪ್ರಕಟಿಸಿದರು. ನೋಯಿಸುವ ಪ್ರತಿಕ್ರಿಯೆಗಳನ್ನು ಅವರು ಐದು ಬಗೆಯಾಗಿ ನೋಡಿದರು. ತಪ್ಪು ಹೊರಿಸುವುದು, ಬೇರೆ ಥರ ನೋಡಲು ಶುರು ಮಾಡುವುದು, ಅವಳ ಪರವಾಗಿ ನಾವೇ ನಿರ್ಧಾರ ಮಾಡುವುದು, ‘ಮರೆತುಬಿಡು’ ಅಂತ ಮಾತು ಮರೆಸುವುದು, ಮತ್ತು ಕೇಳಿದವರು ತಮ್ಮ ಸಿಟ್ಟು ಸಂಕಟದಲ್ಲೇ ಮುಳುಗಿ ಹೋಗುವುದು. ನಮ್ಮ ಮನೆಗಳಲ್ಲಿ ಈ ಐದನ್ನೂ ನೋಡಿದ್ದೇವೆ, ಅಲ್ವಾ?

ಈ ಸಂಶೋಧನೆಗಳಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಂಗತಿ ಒಂದಿದೆ. ಒಳ್ಳೆಯ ಮಾತಿನಿಂದ ಆಗುವ ಉಪಕಾರಕ್ಕಿಂತ ಕೆಟ್ಟ ಮಾತಿನಿಂದ ಆಗುವ ಅಪಕಾರ ಜಾಸ್ತಿ ಕಾಣಿಸುತ್ತದೆ. ಖಿನ್ನತೆ, ಆಘಾತದ ನಂತರ ಉಳಿಯುವ ಮಾನಸಿಕ ತೊಂದರೆ, ತನ್ನನ್ನೇ ತಾನು ಬೈದುಕೊಳ್ಳುವುದು, ಇವೆಲ್ಲ ಕೆಟ್ಟ ಪ್ರತಿಕ್ರಿಯೆ ಎದುರಿಸಿದವರಲ್ಲಿ ಹೆಚ್ಚು. ಹಾಗಾಗಿ ನೀವು ಅದ್ಭುತವಾಗಿ ಮಾತಾಡಬೇಕಾಗಿಲ್ಲ. ನೋಯಿಸದಿದ್ದರೆ ಅರ್ಧ ಕೆಲಸ ಆದ ಹಾಗೆ.

ಭಾರತದಲ್ಲಿ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆದಾಗ, ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ ಹೆಂಗಸರಲ್ಲಿ ಸುಮಾರು 77% ಮಂದಿ ಯಾರ ಸಹಾಯವನ್ನೂ ಕೇಳಿರಲಿಲ್ಲ, ಯಾರಿಗೂ ಹೇಳಿರಲೂ ಇಲ್ಲ. ಸಹಾಯ ಕೇಳಿದವರು 14% ಮಾತ್ರ. ನಿಮ್ಮ ಬಳಿ ಒಬ್ಬರು ಬಂದು ಹೇಳಿದರೆ, ಅದು ಎಷ್ಟು ಕಷ್ಟಪಟ್ಟು ಆಡಿದ ಮಾತು ಅಂತ ಈ ಲೆಕ್ಕದಲ್ಲಿ ಕಾಣುತ್ತದೆ.

ಹೆಜ್ಜೆ 1: ಹೇಳುತ್ತಿದ್ದಾರೆ ಅನ್ನುವುದನ್ನು ಗುರುತಿಸಿ

ಯಾರೂ ‘ನಿನ್ನ ಹತ್ತಿರ ಒಂದು ಮುಖ್ಯ ವಿಷಯ ಮಾತಾಡಬೇಕು’ ಅಂತ ಕುರ್ಚಿ ಎಳೆದು ಕೂರುವುದಿಲ್ಲ. ಪಾತ್ರೆ ತೊಳೆಯುವಾಗ, ಬಸ್ಸಿನ ಕಿಟಕಿಯಾಚೆ ನೋಡುತ್ತ, ರಾತ್ರಿ ದೀಪ ಆರಿಸಿದ ಮೇಲೆ ಮಾತು ಬರುತ್ತದೆ. ‘ಆ ಮಾವನ ಮನೆಗೆ ನಾನು ಬರಲ್ಲ’, ‘ಟ್ಯೂಷನ್ ಬಿಡಿಸು’, ‘ನನ್ನ ಸ್ನೇಹಿತೆಗೆ ಒಂದು ಥರ ಆಯ್ತಂತೆ’. ಎಷ್ಟೋ ಸಲ ಇವು ನೀರಿನ ಆಳ ನೋಡಲು ಎಸೆದ ಕಲ್ಲು. ನೀವು ಹೇಗೆ ತೆಗೆದುಕೊಳ್ಳುತ್ತೀರಿ ನೋಡಿ, ಮುಂದಿನ ಮಾತು ಆಡಬೇಕೋ ನುಂಗಬೇಕೋ ಅಂತ ಅವರು ತೀರ್ಮಾನಿಸುತ್ತಾರೆ.

ಕೈಯಲ್ಲಿರುವ ಕೆಲಸ ನಿಲ್ಲಿಸಿ. ಮೊಬೈಲ್ ಕೆಳಗಿಡಿ. ಪಕ್ಕದಲ್ಲಿ ಮಕ್ಕಳೋ ಅತ್ತೆಯೋ ಇದ್ದರೆ ‘ಬಾ, ಸ್ವಲ್ಪ ಹೊರಗೆ ಹೋಗಿ ಬರೋಣ’ ಅನ್ನಿ. ಎದುರು ಕೂತು ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಪಕ್ಕ ಕೂರುವುದು ಅವರಿಗೆ ಹಗುರ.

ಹೆಜ್ಜೆ 2: ಮೊದಲು ಮೂರು ಮಾತು, ಮಿಕ್ಕದ್ದೆಲ್ಲ ಆಮೇಲೆ

‘ನಾನು ನಿನ್ನನ್ನು ನಂಬ್ತೀನಿ.’ ‘ಇದರಲ್ಲಿ ನಿನ್ನ ತಪ್ಪಿಲ್ಲ.’ ‘ನನಗೆ ಹೇಳಿದೆಯಲ್ಲ, ಒಳ್ಳೇದಾಯ್ತು.’

ಇಷ್ಟೇ. ಇದನ್ನು ನಿಮ್ಮ ಮನೆಯ ಭಾಷೆಯಲ್ಲೇ ಹೇಳಿ. ‘ನಿಂದೇನು ತಪ್ಪಿಲ್ಲ ಮಗಾ’, ‘ನಾನದೀನಿ ನಿನ್ ಜೋಡಿ’. ಪುಸ್ತಕದ ಭಾಷೆ ಆಡಿದರೆ ದೂರ ನಿಂತು ಮಾತಾಡಿದ ಹಾಗಿರುತ್ತದೆ. ಇವುಗಳಲ್ಲಿ ಒಂದನ್ನೇ ಹೇಳಬೇಕಾದರೆ ಮೊದಲನೆಯದನ್ನು ಹೇಳಿ.

ಆಮೇಲೆ ಸುಮ್ನಿರಿ. ಮೌನ ಆದರೆ ತುಂಬಲು ಹೋಗಬೇಡಿ. ತಬ್ಬಿಕೊಳ್ಳಬೇಕು ಅನ್ನಿಸುತ್ತದೆ, ಆದರೆ ಕೇಳದೆ ಮುಟ್ಟಬೇಡಿ. ಅವಳ ಮೈಯನ್ನು ಅವಳ ಒಪ್ಪಿಗೆ ಇಲ್ಲದೆ ಮುಟ್ಟಿದ್ದೇ ಈ ಕಥೆಯ ಮೂಲ. ‘ಕೈ ಹಿಡ್ಕೊಳ್ಲಾ?’ ಅಂತ ಕೇಳಿದರೆ ಸಾಕು. ಬೇಡ ಅಂದರೆ ಬೇಸರ ಮಾಡಿಕೊಳ್ಳಬೇಡಿ. ಒಂದು ಲೋಟ ನೀರು ಕೊಡಿ.

ಅಳದೇ ಇದ್ದರೆ? ಸಪ್ಪೆ ಮುಖದಲ್ಲಿ, ಹಾಲಿನ ಲೆಕ್ಕ ಹೇಳುವ ಹಾಗೆ ಹೇಳಿದರೆ? ಅದೂ ಸಹಜವೇ. 1974ರಲ್ಲಿ ಬಾಸ್ಟನ್ ನಗರದ ಆಸ್ಪತ್ರೆಗೆ ಬಂದ ಹೆಂಗಸರನ್ನು ಕಂಡು ಆನ್ ಬರ್ಜೆಸ್ ಮತ್ತು ಲಿಂಡಾ ಹೋಮ್‌ಸ್ಟ್ರಾಮ್ ಬರೆದ ಪ್ರಸಿದ್ಧ ಲೇಖನದಲ್ಲೇ ಇದು ಇದೆ: ಕೆಲವರು ಅಳುತ್ತಾರೆ, ನಡುಗುತ್ತಾರೆ. ಇನ್ನು ಕೆಲವರು ಪೂರ್ತಿ ಶಾಂತವಾಗಿ ಕಾಣುತ್ತಾರೆ. ನಗುವವರೂ ಇದ್ದಾರೆ. ‘ಇಷ್ಟು ಆರಾಮಾಗಿ ಹೇಳ್ತಿದ್ದಾಳಲ್ಲ’ ಅನ್ನುವ ಅನುಮಾನ ನಿಮ್ಮೊಳಗೆ ಬಂದರೆ, ಅದನ್ನು ಅಲ್ಲೇ ಬಿಡಿ.

ಹೆಜ್ಜೆ 3: ‘ಯಾಕೆ’ ಅನ್ನುವ ಪದವನ್ನೇ ಬಿಡಿ

ಇದೇ ಎಲ್ಲಕ್ಕಿಂತ ಕಷ್ಟದ ಹೆಜ್ಜೆ. ನಾನು ಎಡವಿದ್ದೂ ಇಲ್ಲೇ.

ಯಾಕೆ ಹೋದೆ, ಯಾಕೆ ಕೂಗಲಿಲ್ಲ, ಯಾಕೆ ಓಡಲಿಲ್ಲ, ಯಾಕೆ ಇಷ್ಟು ದಿನ ಹೇಳಲಿಲ್ಲ, ಯಾಕೆ ಅವನ ಜೊತೆ ಆಮೇಲೂ ಮಾತಾಡಿದೆ. ಕೇಳುವವರಿಗೆ ಇವು ವಿಷಯ ತಿಳಿಯಲು ಹಾಕುವ ಪ್ರಶ್ನೆ. ಕೇಳಿಸಿಕೊಳ್ಳುವವರಿಗೆ ಪ್ರತಿಯೊಂದೂ ‘ನೀನು ಬೇರೆ ಥರ ಮಾಡಿದ್ದರೆ ಇದು ಆಗುತ್ತಿರಲಿಲ್ಲ’ ಅನ್ನುವ ತೀರ್ಪು. ಅವರು ಅದೇ ಪ್ರಶ್ನೆಯನ್ನು ತಮಗೆ ತಾವೇ ಸಾವಿರ ಸಲ ಹಾಕಿಕೊಂಡು ಬಂದಿರುತ್ತಾರೆ. ನಿಮ್ಮ ಬಾಯಿಂದ ಕೇಳಿದ ಕೂಡಲೇ ಅದು ಖಾತ್ರಿಯಾಗಿ ಹೋಗುತ್ತದೆ.

‘ಕೂಗಲಿಲ್ವಾ’ ಪ್ರಶ್ನೆಗೆ ಉತ್ತರ ಮೈಯಲ್ಲಿದೆ. ಅಪಾಯ ಎದುರಾದಾಗ ಪ್ರಾಣಿಗಳು ಮತ್ತು ಮನುಷ್ಯರು ಹೊಡೆದಾಡುತ್ತಾರೆ, ಓಡುತ್ತಾರೆ. ಎರಡೂ ಆಗದಾಗ ಮೈ ಮರಗಟ್ಟುತ್ತದೆ. ಕೈಕಾಲು ಆಡುವುದಿಲ್ಲ, ಗಂಟಲಿಂದ ಸ್ವರ ಹೊರಡುವುದಿಲ್ಲ. ಇದು ಇಚ್ಛೆಯಿಂದ ಆಗುವುದಲ್ಲ. ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಅತ್ಯಾಚಾರಕ್ಕೆ ಒಳಗಾದವರ ತುರ್ತು ಚಿಕಿತ್ಸಾಲಯಕ್ಕೆ ಬಂದ 298 ಹೆಂಗಸರನ್ನು ಕೇಳಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 70% ಮಂದಿಗೆ ಗಮನಾರ್ಹವಾಗಿ ಹೀಗೆ ಮರಗಟ್ಟಿದ ಅನುಭವ ಆಗಿತ್ತು. 48% ಮಂದಿಗೆ ತೀರಾ ಹೆಚ್ಚಾಗಿ. ಹೀಗೆ ಮರಗಟ್ಟಿದವರಲ್ಲೇ ಆರು ತಿಂಗಳ ನಂತರ ಖಿನ್ನತೆ ಮತ್ತು ಆಘಾತದ ತೊಂದರೆ ಹೆಚ್ಚು ಕಂಡಿತು. ಅಂದರೆ ‘ಯಾಕೆ ಸುಮ್ನಿದ್ದೆ’ ಅಂತ ನಾವು ಯಾರನ್ನು ಚುಚ್ಚುತ್ತೇವೋ, ಅವರೇ ಹೆಚ್ಚು ಆಸರೆ ಬೇಕಾದವರು.

ಈ ತಪ್ಪು ನಮ್ಮ ನಿಮ್ಮಂಥವರಿಂದ ಮಾತ್ರ ಆಗುವುದಲ್ಲ. 1978ರಲ್ಲಿ ಸುಪ್ರೀಂ ಕೋರ್ಟ್ ಮಹಾರಾಷ್ಟ್ರದ ಒಬ್ಬ ಆದಿವಾಸಿ ಹುಡುಗಿಯ ಪ್ರಕರಣದಲ್ಲಿ, ಅವಳ ಮೈಮೇಲೆ ಗಾಯ ಇಲ್ಲ, ಕೂಗಾಡಿದ್ದು ನಂಬುವಂತಿಲ್ಲ ಎಂಬ ಕಾರಣ ಕೊಟ್ಟು ಇಬ್ಬರು ಪೊಲೀಸರನ್ನು ಬಿಟ್ಟಿತು. ದೇಶದಾದ್ಯಂತ ಹೆಂಗಸರು ಬೀದಿಗಿಳಿದರು, 1983ರಲ್ಲಿ ಕಾನೂನು ಬದಲಾಯಿತು. ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ 2020ರ ಜೂನ್‌ನಲ್ಲಿ ಒಂದು ಜಾಮೀನು ಆದೇಶ ಬಂತು. ಘಟನೆಯ ನಂತರ ದಣಿದು ನಿದ್ದೆ ಹೋದೆ ಎಂದು ದೂರುದಾರೆ ಹೇಳಿದ್ದಕ್ಕೆ, ಇದು ಭಾರತೀಯ ಹೆಣ್ಣಿಗೆ ತಕ್ಕ ನಡತೆಯಲ್ಲ, ನಮ್ಮ ಹೆಂಗಸರು ಹೀಗೆ ನಡೆದುಕೊಳ್ಳುವುದಿಲ್ಲ ಎಂಬ ಅರ್ಥದ ಮಾತು ಅದರಲ್ಲಿತ್ತು. ಕೆಲವೇ ದಿನಗಳಲ್ಲಿ ಆ ಸಾಲುಗಳನ್ನು ಆದೇಶದಿಂದ ತೆಗೆದುಹಾಕಲಾಯಿತು. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೇ ನ್ಯಾಯಾಧೀಶರಿಗಾಗಿ ಒಂದು ಕೈಪಿಡಿ ತಂದು, ಆಘಾತಕ್ಕೆ ಒಬ್ಬೊಬ್ಬರು ಒಂದೊಂದು ಥರ ನಡೆದುಕೊಳ್ಳುತ್ತಾರೆ, ‘ಹೀಗೇ ಇರಬೇಕು’ ಅನ್ನುವ ಕಲ್ಪನೆ ತಪ್ಪು ಎಂದು ಬರೆಯಿತು.

ದಣಿದವರಿಗೆ ನಿದ್ದೆ ಬರುತ್ತದೆ. ಅದರಲ್ಲಿ ಅರ್ಥ ಹುಡುಕುವುದಕ್ಕೆ ಏನೂ ಇಲ್ಲ.

ಹೇಳುವಾಗ ಮಾತು ಹಿಂದೆ ಮುಂದೆ ಆಗಬಹುದು. ಗೋಡೆಯ ಬಣ್ಣ ನೆನಪಿರುತ್ತದೆ, ವಾರ ನೆನಪಿರುವುದಿಲ್ಲ. ಅತಿಯಾದ ಭಯದಲ್ಲಿ ನೆನಪು ತುಂಡುತುಂಡಾಗಿ ಉಳಿಯಬಹುದು. ‘ಮೊನ್ನೆ ಹಾಗಂದೆ, ಇವತ್ತು ಹೀಗಂತೀಯ’ ಅಂತ ಹಿಡಿದು ಹಾಕಬೇಡಿ. ವಿವರ ಜೋಡಿಸುವುದು ಪೊಲೀಸರ, ಕೋರ್ಟಿನ ಕೆಲಸ. ನೀವು ತನಿಖೆ ಮಾಡುವವರಲ್ಲ.

ಕೇಳಲೇಬೇಕಾದ ಪ್ರಶ್ನೆ ಮೂರು: ‘ಈಗ ಸೇಫ್ ಆಗಿದ್ದೀಯಾ?’ ‘ಮೈಗೆ ಏನಾದರೂ ಆಗಿದೆಯಾ?’ ‘ನಾನು ಏನು ಮಾಡಲಿ?’

ಮನೆಮಾತುಗಳ ಬಗ್ಗೆ ಒಂದಿಷ್ಟು

ಕೆಲವು ಮಾತು ನಮಗೆ ಗೊತ್ತಿಲ್ಲದೆ ನಾಲಿಗೆ ಮೇಲೆ ಕೂತಿವೆ. ಮುಳ್ಳು ಸೀರೆ ಮೇಲೆ ಬಿದ್ದರೂ, ಸೀರೆ ಮುಳ್ಳಿನ ಮೇಲೆ ಬಿದ್ದರೂ ಹರಿಯೋದು ಸೀರೆಯೇ ಅಂತ ಗಾದೆ. ಹೆಣ್ಣುಮಕ್ಕಳಿಗೆ ಇದನ್ನು ಬುದ್ಧಿಮಾತು ಅಂತ ಹೇಳಿಕೊಟ್ಟಿದ್ದೇವೆ. ಮುಳ್ಳಿಗೆ ಒಂದು ಮಾತೂ ಇಲ್ಲ. ಈ ಗಾದೆ ಕೇಳಿ ಬೆಳೆದ ಹುಡುಗಿ ತನಗೆ ಏನಾದರೂ ಆದ ದಿನ ಮೊದಲು ನೋಡುವುದು ತನ್ನ ಸೀರೆಯನ್ನೇ.

‘ಮಾನಭಂಗ’ ಅನ್ನುವ ಪದ ನೋಡಿ. ತಪ್ಪು ಮಾಡಿದವನು ಅವನು, ಮಾನ ಹೋಗುವುದು ಇವಳದ್ದು! ‘ಶೀಲ ಕೆಡಿಸಿದ’, ‘ಬಾಳು ಹಾಳಾಯ್ತಲ್ಲೇ ನಿಂದು’, ‘ಇನ್ನು ಯಾರು ಮದುವೆ ಆಗ್ತಾರೆ’. ಅಮ್ಮಂದಿರು, ಅಜ್ಜಿಯರು ಪ್ರೀತಿಯಿಂದಲೇ, ಕಣ್ಣೀರು ಹಾಕಿಕೊಂಡೇ ಹೇಳುತ್ತಾರೆ. ಆದರೆ ಹುಡುಗಿಗೆ ಅರ್ಥವಾಗುವುದು ಒಂದೇ: ನನ್ನ ಬದುಕು ಇಲ್ಲಿಗೆ ಮುಗಿಯಿತು. ಮುಗಿದಿಲ್ಲ. ಇದು ಒಂದು ಅಪರಾಧ, ಒಂದು ಗಾಯ. ಗಾಯ ಮಾಯುತ್ತದೆ. ಮನೆಯಲ್ಲಿ ‘ಮಾನ’ ಅನ್ನುವ ಪದ ಈ ವಿಷಯದಲ್ಲಿ ಬರದ ಹಾಗೆ ನೋಡಿಕೊಳ್ಳಿ.

‘ಅವನು ಅಂಥವನಲ್ಲ’ ಅನ್ನುವುದು ಇನ್ನೊಂದು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ವರದಿಗಳಲ್ಲಿ ವರ್ಷ ವರ್ಷವೂ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಅತ್ಯಾಚಾರ ಪ್ರಕರಣಗಳ ಆರೋಪಿ ಗೊತ್ತಿರುವವನೇ. ನೆಂಟ, ನೆರೆಯವನು, ಸ್ನೇಹಿತ, ಕೆಲಸ ಕೊಟ್ಟವನು. ನಿಮಗೂ ಅವನ ಪರಿಚಯ ಇರುವ ಸಾಧ್ಯತೆ ಜಾಸ್ತಿ. ನಿಮ್ಮ ಜೊತೆ ಅವನು ಒಳ್ಳೆಯವನಾಗಿದ್ದದ್ದು ನಿಜ ಇರಬಹುದು. ಅದು ಅವಳ ಜೊತೆ ಹೇಗಿದ್ದ ಅನ್ನುವುದಕ್ಕೆ ಸಾಕ್ಷಿಯಲ್ಲ.

ಹೆಜ್ಜೆ 4: ನಿಮ್ಮ ಸಿಟ್ಟನ್ನು ಬೇರೆ ಕಡೆ ಇಳಿಸಿ

ಇದು ವಿಶೇಷವಾಗಿ ಅಪ್ಪಂದಿರಿಗೆ, ಅಣ್ಣಂದಿರಿಗೆ, ಗಂಡಂದಿರಿಗೆ. ‘ಅವನನ್ನ ಕೊಚ್ಚಿ ಹಾಕ್ತೀನಿ’ ಅಂತ ಎದ್ದು ನಿಲ್ಲಬೇಡಿ. ಆ ಗಳಿಗೆಯಿಂದ ಅವಳು ತನ್ನ ನೋವು ಬಿಟ್ಟು ನಿಮ್ಮನ್ನು ಸಮಾಧಾನ ಮಾಡಲು ಕೂರುತ್ತಾಳೆ. ಅಪ್ಪ ಜೈಲಿಗೆ ಹೋಗಿಬಿಟ್ಟರೆ ಅನ್ನುವ ಹೆದರಿಕೆ ಮೇಲೆ ಇನ್ನೊಂದು ಹೊರೆ. ಇನ್ನೊಂದು ಸಲ ನಿಮ್ಮ ಹತ್ತಿರ ಏನನ್ನೂ ಹೇಳುವುದಿಲ್ಲ.

ತಾಯಂದಿರ ಅಳುವಿಗೂ ಇದೇ ಮಾತು. ಕಣ್ಣು ತುಂಬಿ ಬಂದರೆ ತಪ್ಪಲ್ಲ, ‘ನಿನಗೆ ಹೀಗಾಯ್ತಲ್ಲ ಅಂತ ಸಂಕಟ ಆಗ್ತಿದೆ’ ಅನ್ನಿ. ಎದೆ ಬಡಿದುಕೊಂಡು ಅಳುವುದು ಬೇರೆ. ನಿಮ್ಮ ಭಾರ ಇಳಿಸಲು ನಿಮಗೂ ಒಬ್ಬರು ಬೇಕು. ಅವಳ ಹೆಸರು ಹೇಳದೆ ಆಪ್ತ ಸಮಾಲೋಚಕರ ಜೊತೆ ಮಾತಾಡಿ. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ ನಡೆಯುವ ಟೆಲಿ-ಮಾನಸ್ ಸಂಖ್ಯೆ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಇದು ನೊಂದವರಿಗೂ ಆಗುತ್ತದೆ, ಜೊತೆಗಿರುವವರಿಗೂ ಆಗುತ್ತದೆ.

ಹೆಜ್ಜೆ 5: ದಾರಿಗಳನ್ನು ತೋರಿಸಿ, ನಿರ್ಧಾರ ಅವರಿಗೇ ಬಿಡಿ

ಒಬ್ಬರ ಮೈಮೇಲಿನ ಹಕ್ಕನ್ನು ಒಬ್ಬ ಕಿತ್ತುಕೊಂಡಿದ್ದಾನೆ. ಆಮೇಲೆ ಮನೆಯವರೆಲ್ಲ ಕೂತು ‘ಪೊಲೀಸಿಗೆ ಹೋಗಬೇಕು’ ಅಥವಾ ‘ಹೋಗಕೂಡದು’ ಅಂತ ತೀರ್ಮಾನಿಸಿದರೆ ಮಿಕ್ಕದ್ದನ್ನೂ ಕಿತ್ತುಕೊಂಡ ಹಾಗೆ. ದೂರು ಕೊಡಿಸಲೇಬೇಕು ಅಂತ ಒತ್ತಾಯಿಸುವ ಒಳ್ಳೆಯ ಮನಸ್ಸಿನವರೂ ಇಲ್ಲಿ ತಪ್ಪುತ್ತಾರೆ. ನಿಮ್ಮ ಕೆಲಸ ಮಾಹಿತಿ ಕೊಡುವುದು, ಜೊತೆಗೆ ಹೋಗುವುದು.

ಮೊನ್ನೆ ಮೊನ್ನೆ ಆಗಿದ್ದರೆ ಕೆಲವಕ್ಕೆ ಗಡುವು ಇದೆ. ಮೆತ್ತಗೆ, ಆದರೆ ಸ್ಪಷ್ಟವಾಗಿ ಹೇಳಿ.

ಗರ್ಭ ನಿಲ್ಲದಿರಲು ತೆಗೆದುಕೊಳ್ಳುವ ತುರ್ತು ಮಾತ್ರೆ 72 ಗಂಟೆಯೊಳಗೆ ಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುತ್ತದೆ. ಎಚ್‌ಐವಿ ತಗಲದಿರಲು ಕೊಡುವ ಔಷಧವನ್ನೂ 72 ಗಂಟೆಯೊಳಗೆ ಶುರು ಮಾಡಿ 28 ದಿನ ತೆಗೆದುಕೊಳ್ಳಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ. ಮೈಮೇಲಿನ ಸಾಕ್ಷ್ಯವನ್ನು 96 ಗಂಟೆಯವರೆಗೂ ಸಂಗ್ರಹಿಸಬಹುದು ಎಂದು ಕೇಂದ್ರ ಆರೋಗ್ಯ ಇಲಾಖೆಯ 2014ರ ಮಾರ್ಗಸೂಚಿ ಹೇಳುತ್ತದೆ. ಹಾಗಾಗಿ ಆ ದಿನದ ಬಟ್ಟೆ ಒಗೆಯಬೇಡಿ. ಪ್ಲಾಸ್ಟಿಕ್ ಕವರ್ ಬೇಡ, ಕಾಗದದ ಚೀಲದಲ್ಲಿಡಿ. ಸ್ನಾನ ಮಾಡಿಬಿಟ್ಟಿದ್ದರೆ ಬೈಯಬೇಡಿ, ಆಗಲೂ ಆಸ್ಪತ್ರೆಗೆ ಹೋಗಬಹುದು.

ಸರ್ಕಾರಿ ಇರಲಿ, ಖಾಸಗಿ ಇರಲಿ, ಯಾವ ಆಸ್ಪತ್ರೆಯೂ ಚಿಕಿತ್ಸೆಗೆ ಇಲ್ಲ ಅನ್ನುವಂತಿಲ್ಲ, ದುಡ್ಡು ಕೇಳುವಂತಿಲ್ಲ. ಪೊಲೀಸರಿಗೆ ತಿಳಿಸಬೇಕಾದ ಜವಾಬ್ದಾರಿ ಆಸ್ಪತ್ರೆಗೆ ಇದೆ, ಇದನ್ನು ಅವಳಿಗೆ ಮೊದಲೇ ಹೇಳಿ. ಆದರೆ ದೂರು ಬೇಡ, ಪರೀಕ್ಷೆ ಬೇಡ, ಚಿಕಿತ್ಸೆ ಮಾತ್ರ ಸಾಕು ಅನ್ನುವ ಹಕ್ಕು ವಯಸ್ಕಳಾದ ಅವಳಿಗೆ ಇದ್ದೇ ಇದೆ. ‘ಎರಡು ಬೆರಳಿನ ಪರೀಕ್ಷೆ’ಯನ್ನು, ಅಂದರೆ ಯೋನಿಯೊಳಗೆ ಬೆರಳು ಹಾಕಿ ನೋಡುವ ಹಳೆಯ ಪರೀಕ್ಷೆಯನ್ನು, ಯಾರಾದರೂ ಮಾಡಲು ಬಂದರೆ ತಡೆಯಿರಿ. ಅದು ಅವಳ ಘನತೆಗೆ ಧಕ್ಕೆ ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿತ್ತು. 2022ರ ಅಕ್ಟೋಬರ್‌ನಲ್ಲಿ, ಮಾಡಿದವರನ್ನು ದುರ್ನಡತೆಯ ತಪ್ಪಿತಸ್ಥರೆಂದು ಪರಿಗಣಿಸಬೇಕೆಂದು ಹೇಳಿತು.

ಪೊಲೀಸ್ ದೂರಿಗೆ ಹೋಗುವುದಾದರೆ, ಘಟನೆ ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ಕೊಡಬಹುದು. ಮಹಿಳಾ ಅಧಿಕಾರಿ ಬರೆದುಕೊಳ್ಳಬೇಕು. ಹೇಳಿಕೆಯನ್ನು ಅವಳ ಮನೆಯಲ್ಲೇ, ಅಥವಾ ಅವಳು ಹೇಳಿದ ಜಾಗದಲ್ಲೇ ತೆಗೆದುಕೊಳ್ಳಬೇಕು. ನೀವು ಜೊತೆಗಿರಬಹುದು. ಎಫ್‌ಐಆರ್ ಪ್ರತಿ ಉಚಿತ. ವಕೀಲರ ಸಹಾಯಕ್ಕೆ ಮತ್ತು ಪರಿಹಾರದ ಅರ್ಜಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಸಂಖ್ಯೆ 15100. ವೈದ್ಯರು, ಪೊಲೀಸ್, ವಕೀಲರು, ಸಮಾಲೋಚಕರು ಎಲ್ಲ ಒಂದೇ ಸೂರಿನಡಿ ಸಿಗಲಿ ಅಂತ ಮಾಡಿದ್ದು ‘ಸಖಿ’ ಒನ್ ಸ್ಟಾಪ್ ಸೆಂಟರ್. ಜಿಲ್ಲಾ ಕೇಂದ್ರದಲ್ಲಿ ವಿಚಾರಿಸಿ, ಅಥವಾ 181ಕ್ಕೆ ಫೋನ್ ಮಾಡಿ. ಅಪಾಯ ಎದುರಿಗೇ ಇದ್ದರೆ 112.

‘ಅವನಿಗೇ ಮದುವೆ ಮಾಡಿಬಿಡೋಣ’, ‘ಊರ ಹಿರಿಯರ ಮುಂದೆ ರಾಜಿ ಮಾಡ್ಕೊಳ್ಳೋಣ’ ಅನ್ನುವ ಮಾತು ಬಂದರೆ ಗಟ್ಟಿಯಾಗಿ ನಿಲ್ಲಿ. ರಾಜಿಯ ಸಲಹೆಯನ್ನೂ ಕೊಡಬಾರದು ಎಂದು 2021ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಕೆಳ ನ್ಯಾಯಾಲಯಗಳಿಗೇ ತಾಕೀತು ಮಾಡಿದೆ.

ಹದಿನೆಂಟು ತುಂಬದವರಾದರೆ ಲೆಕ್ಕ ಬೇರೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಪ್ರಕಾರ, ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಆದ್ದರಿಂದ ಮಗುವಿಗೆ ‘ಯಾರಿಗೂ ಹೇಳಲ್ಲ’ ಅಂತ ಆಣೆ ಇಡಬೇಡಿ. ‘ನಿನ್ನ ಕಾಪಾಡೋಕೆ ಒಂದಿಬ್ಬರು ದೊಡ್ಡವರಿಗೆ ಹೇಳಬೇಕಾಗುತ್ತೆ, ಹೇಳುವಾಗ ನಿನ್ನ ಜೊತೆ ನಾನಿರ್ತೀನಿ’ ಅನ್ನಿ. ಮಾತು ಕೊಟ್ಟು ಮುರಿದರೆ ಮಗುವಿಗೆ ಅದು ಎರಡನೇ ಮೋಸ. 1098 ಮಕ್ಕಳ ಸಹಾಯವಾಣಿ. ಮಗುವಿನ ಹೇಳಿಕೆ ತೆಗೆದುಕೊಳ್ಳುವಾಗ ಪೊಲೀಸರು ಸಮವಸ್ತ್ರದಲ್ಲಿ ಇರಬಾರದು, ರಾತ್ರಿ ಠಾಣೆಯಲ್ಲಿ ಇಟ್ಟುಕೊಳ್ಳಬಾರದು.

ಹೆಜ್ಜೆ 6: ಬಾಯಿ ಕಟ್ಟಿ

ಅವಳು ನಿಮಗೆ ಹೇಳಿದ್ದಾಳೆ, ಊರಿಗಲ್ಲ. ಗಂಡನಿಗೆ ಹೇಳಲಾ, ಅಕ್ಕನಿಗೆ ಹೇಳಲಾ ಅನ್ನುವುದನ್ನೂ ಅವಳನ್ನೇ ಕೇಳಿ. ಒಬ್ಬರಿಗೆ ಹೇಳಿದ್ದು ಒಂದು ಮದುವೆ ಮನೆಯಲ್ಲಿ ಎಷ್ಟು ಕಿವಿ ದಾಟುತ್ತದೆ ಅಂತ ನಿಮಗೇ ಗೊತ್ತು.

ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಅತ್ಯಾಚಾರಕ್ಕೆ ಒಳಗಾದವರ ಗುರುತು ಪ್ರಕಟಿಸಿದರೆ ಎರಡು ವರ್ಷದವರೆಗೆ ಜೈಲು. ಪತ್ರಿಕೆಯಷ್ಟೇ ಅಲ್ಲ, ಸೋಷಿಯಲ್ ಮೀಡಿಯಾದಲ್ಲೂ ಗುರುತು ಬಿಡಬಾರದೆಂದು ಸುಪ್ರೀಂ ಕೋರ್ಟ್ 2018ರ ಡಿಸೆಂಬರ್‌ನಲ್ಲಿ ಹೇಳಿದೆ. 2024ರ ಏಪ್ರಿಲ್‌ನಲ್ಲಿ ಹಾಸನದಲ್ಲಿ ಪೆನ್‌ಡ್ರೈವ್‌ಗಳು ಹಂಚಿಕೆಯಾದದ್ದು ನೆನಪಿದೆಯಲ್ಲ? ಮುಖ ಮರೆಮಾಡದ ವಿಡಿಯೊಗಳು ಮೊಬೈಲಿಂದ ಮೊಬೈಲಿಗೆ ಹೋದವು. ಅವುಗಳಲ್ಲಿದ್ದ ಹೆಂಗಸರು ತಮ್ಮ ಊರಲ್ಲೇ ತಲೆ ಎತ್ತದ ಹಾಗಾಯಿತು. ದೌರ್ಜನ್ಯ ಮಾಡಿದವನು ಒಬ್ಬ. ಫಾರ್ವರ್ಡ್ ಮಾಡಿದವರು, ‘ನೋಡಿದ್ಯಾ?’ ಅಂತ ಟೀ ಅಂಗಡಿಯಲ್ಲಿ ಕೇಳಿದವರು ಸಾವಿರಾರು ಜನ. ಪ್ರತಿ ಸಲ ಆ ವಿಡಿಯೊ ತೆರೆದಾಗ ಒಬ್ಬ ಹೆಣ್ಣಿಗೆ ಅದು ಮತ್ತೆ ಆದ ಹಾಗೆ. ಇಂಥದ್ದು ನಿಮ್ಮ ಗ್ರೂಪಿಗೆ ಬಂದರೆ ತೆರೆಯಬೇಡಿ, ಮುಂದೆ ಕಳಿಸಬೇಡಿ, ಕಳಿಸಿದವರಿಗೆ ‘ಇದು ಅಪರಾಧ, ಅಳಿಸು’ ಅನ್ನಿ. ಇದೂ ನೊಂದವರಿಗೆ ನಾವು ಕೊಡುವ ಪ್ರತಿಕ್ರಿಯೆಯೇ.

ಹೆಜ್ಜೆ 7: ವಾರ ಕಳೆದ ಮೇಲೂ ಇರಿ

ಮೊದಲ ದಿನ ಎಲ್ಲರೂ ಇರುತ್ತಾರೆ. ತಿಂಗಳ ಮೇಲೆ ಯಾರೂ ಇರುವುದಿಲ್ಲ. ಅಮೆರಿಕದಲ್ಲಿ 1992ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅತ್ಯಾಚಾರ ಆಗಿ ಎರಡು ವಾರದ ಹೊತ್ತಿಗೆ 94% ಹೆಂಗಸರಲ್ಲಿ ಆಘಾತದ ಲಕ್ಷಣ ಪೂರ್ತಿ ಕಂಡಿತ್ತು. ಮೂರು ತಿಂಗಳ ಹೊತ್ತಿಗೆ ಅದು 47%ಕ್ಕೆ ಇಳಿದಿತ್ತು. ಮೊದಲಿಗೆ ನಿದ್ದೆ ಬಾರದಿರುವುದು, ಬೆಚ್ಚಿ ಬೀಳುವುದು, ಊಟ ಸೇರದಿರುವುದು ಬಹುತೇಕ ಎಲ್ಲರಿಗೂ ಆಗುತ್ತದೆ, ತುಂಬಾ ಜನರಿಗೆ ಕಾಲಕ್ರಮೇಣ ಕಡಿಮೆಯಾಗುತ್ತದೆ. ಅರ್ಧದಷ್ಟು ಜನರಿಗೆ ಮೂರು ತಿಂಗಳಾದರೂ ಹೋಗುವುದಿಲ್ಲ, ಅವರಿಗೆ ಚಿಕಿತ್ಸೆ ಬೇಕು. ಇದಕ್ಕೆಂದೇ ಇರುವ ಮಾತಿನ ಚಿಕಿತ್ಸೆಗಳಿವೆ, ಅವು ಕೆಲಸ ಮಾಡುತ್ತವೆ.

‘ಇನ್ನೂ ಅದನ್ನೇ ನೆನೆಸ್ಕೊಂಡು ಕೂತಿದ್ದೀಯಾ’ ಅನ್ನಬೇಡಿ. ಹಾಗೆಯೇ, ‘ಎಲ್ಲ ಕಕ್ಕಿಬಿಡು, ಹಗುರಾಗುತ್ತೆ’ ಅಂತ ಕೆದಕಲೂ ಬೇಡಿ. ಒತ್ತಾಯದಿಂದ ಹೇಳಿಸಿದರೆ ಹಗುರಾಗುವುದಿಲ್ಲ. ‘ಯಾವಾಗ ಮಾತಾಡಬೇಕು ಅನ್ನಿಸಿದ್ರೂ ಫೋನ್ ಮಾಡು’ ಅನ್ನುವುದಕ್ಕಿಂತ, ಭಾನುವಾರ ನೀವೇ ಫೋನ್ ಮಾಡಿ. ಮಾತು ಯಾವುದಾದರೂ ಆಗಲಿ. ಅವಳ ಜೊತೆ ಮೊದಲಿನಂತೆ ಜಗಳ ಆಡಿ, ಸಿನಿಮಾಗೆ ಕರೆಯಿರಿ, ಕೆಲಸ ಹೇಳಿ. ಗಾಜಿನ ಪಾತ್ರೆ ಥರ ಎತ್ತಿಡುವುದೂ ಒಂದು ಬಗೆಯ ದೂರವೇ. ಹೊರಗೆ ಬಿಡದಿರುವುದು, ಓದು ನಿಲ್ಲಿಸುವುದು, ಮೊಬೈಲ್ ಕಿತ್ತುಕೊಳ್ಳುವುದು ರಕ್ಷಣೆಯಲ್ಲ. ಅದು ಅವಳಿಗೆ ಶಿಕ್ಷೆ.

ಸಾಯುವ ಮಾತು ಆಡಿದರೆ ನೇರವಾಗಿ ಕೇಳಿ: ‘ಸಾಯಬೇಕು ಅನ್ನಿಸ್ತಿದೆಯಾ?’ ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಅನ್ನುವುದು ತಪ್ಪು ಕಲ್ಪನೆ. ಹೌದು ಅಂದರೆ ಒಬ್ಬಳೇ ಬಿಡಬೇಡಿ, ಮನೆಯಲ್ಲಿರುವ ಕ್ರಿಮಿನಾಶಕ, ಮಾತ್ರೆಗಳನ್ನು ಕೈಗೆ ಸಿಗದಂತೆ ಇಡಿ, 14416ಕ್ಕೆ ಫೋನ್ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಹೋಗಿ.

ಕೋರ್ಟಿನ ತಾರೀಕು, ಘಟನೆ ನಡೆದ ಹಬ್ಬದ ದಿನ, ಟಿವಿಯಲ್ಲಿ ಅಂಥದ್ದೇ ಸುದ್ದಿ ಬಂದ ದಿನ ಗಾಯ ಮತ್ತೆ ಹಸಿಯಾಗುತ್ತದೆ. ಆ ದಿನಗಳನ್ನು ನೀವು ನೆನಪಿಟ್ಟುಕೊಳ್ಳಿ.

ಹುಡುಗರು, ಗಂಡಸರು, ಮದುವೆಯಾದವರು

ಇವರಿಗೆ ಬಾಯಿ ಬಿಡುವುದು ಇನ್ನೂ ಕಷ್ಟ. ‘ಗಂಡಸಾಗಿ ನಿನಗೆ ತಡೆಯೋಕಾಗ್ಲಿಲ್ವಾ’ ಅಂತ ಹುಡುಗನಿಗೆ, ‘ಗಂಡ ತಾನೇ, ಹೊಂದ್ಕೊಂಡು ಹೋಗು’ ಅಂತ ಹೆಂಡತಿಗೆ. ಪೋಕ್ಸೊ ಗಂಡುಮಕ್ಕಳಿಗೂ ಅಷ್ಟೇ ಅನ್ವಯಿಸುತ್ತದೆ. ವಯಸ್ಕ ಗಂಡಸರಿಗೆ ಈಗಿನ ಕಾನೂನಿನಲ್ಲಿ ಅತ್ಯಾಚಾರದ ಕಲಂ ಇಲ್ಲ, ಹದಿನೆಂಟು ದಾಟಿದ ಹೆಂಡತಿಯ ಮೇಲೆ ಗಂಡ ಮಾಡಿದ ಬಲವಂತವನ್ನು ಕಾನೂನು ಅತ್ಯಾಚಾರ ಅನ್ನುವುದಿಲ್ಲ. ಇದು ಸರಿಯಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕಾನೂನು ಏನೇ ಹೇಳಲಿ, ಮನಸ್ಸಿಗೆ ಆಗುವ ಗಾಯ ಒಂದೇ. ನಿಮ್ಮ ಮೂರು ಮಾತು ಅವರಿಗೂ ಅವೇ.

ಹೆಜ್ಜೆ 8: ಈಗಾಗಲೇ ತಪ್ಪು ಮಾತು ಆಡಿಬಿಟ್ಟಿದ್ದರೆ

ತುಂಬಾ ಜನ ಇದನ್ನು ಓದುವಾಗ ಹಳೆಯದೊಂದು ನೆನಪಾಗಿ ಕಸಿವಿಸಿಪಟ್ಟಿರಬಹುದು. ಕರ್ಟ್ನಿ ಆರೆನ್ಸ್ ಎಂಬ ಸಂಶೋಧಕಿ, ಒಮ್ಮೆ ಹೇಳಿಕೊಂಡು ಆಮೇಲೆ ಪೂರ್ತಿ ಮೌನವಾಗಿಬಿಟ್ಟ ಎಂಟು ಹೆಂಗಸರ ಬಗ್ಗೆ 2006ರಲ್ಲಿ ಬರೆದಿದ್ದಾರೆ. ಕೇಳಿದವರ ಪ್ರತಿಕ್ರಿಯೆ ನೋಡಿ, ಹೇಳಿ ಉಪಯೋಗವಿಲ್ಲ, ತಪ್ಪು ತಮ್ಮದೇ, ಬಹುಶಃ ಆದದ್ದು ಅತ್ಯಾಚಾರವೇ ಅಲ್ಲವೇನೋ ಅಂತ ಅವರು ಅಂದುಕೊಂಡಿದ್ದರು. ಅದನ್ನು ಓದಿದ ರಾತ್ರಿ ನಾನು ಗೆಳತಿಗೆ ಮೆಸೇಜ್ ಮಾಡಿದೆ.

ಹಿಂದಕ್ಕೆ ಹೋಗಿ ಸರಿಮಾಡಬಹುದು. ತಡವಾಗಿದ್ದರೂ ಸರಿ. ಮೊದಲು ಒಪ್ಪಿಗೆ ಕೇಳಿ: ‘ಹಳೇ ವಿಷಯ ಒಂದು ಮಾತಾಡಬೇಕಿತ್ತು, ನಿನಗೆ ಇಷ್ಟ ಇದ್ರೆ ಮಾತ್ರ.’ ಬೇಡ ಅಂದರೆ ಅಲ್ಲಿಗೇ ನಿಲ್ಲಿಸಿ. ಹೂಂ ಅಂದರೆ ನೀವು ಆಡಿದ ಮಾತನ್ನೇ ಎತ್ತಿ ಹೇಳಿ, ಅದು ತಪ್ಪು ಅನ್ನಿ. ‘ನನಗೆ ಆಗ ಗೊತ್ತಿರಲಿಲ್ಲ’, ‘ನಾನೂ ಚಿಕ್ಕವಳು’ ಅನ್ನುವ ಸಮಜಾಯಿಷಿ ಬೇಡ. ಕ್ಷಮಿಸಿದೆ ಅನ್ನಲಿ ಅಂತ ಕಾಯಬೇಡಿ, ಅದು ಅವರ ಕೆಲಸವಲ್ಲ.

ನಾನು ಫೋನಿನಲ್ಲಿ ಹೇಳಿದೆ. "ಆವತ್ತು ತಾರಸಿ ಮೇಲೆ ಯಾಕೆ ಹೋದೆ ಅಂತ ಕೇಳಿದ್ದೆ. ಹಾಗೆ ಕೇಳಬಾರದಿತ್ತು ಕಣೇ. ನಿನ್ನ ಮಾತನ್ನ ನಾನು ನಂಬಿದ್ದೆ, ಈಗಲೂ ನಂಬ್ತೀನಿ. ಅದನ್ನ ಹೇಳಲೇ ಇಲ್ಲ."

ಆ ಕಡೆಯಿಂದ ತುಂಬಾ ಹೊತ್ತು ಸದ್ದಿಲ್ಲ. ಕುಕ್ಕರ್ ಸೀಟಿ ಕೇಳಿಸಿತು, ಅವಳು ಒಲೆ ಆರಿಸಿದ್ದು ಕೇಳಿಸಿತು.

"ಅವನ ರೂಮಲ್ಲಿ ಇಸ್ತ್ರಿ ಪೆಟ್ಟಿಗೆ ಇತ್ತು ಕಣೇ" ಅಂದಳು. "ಬೆಳಿಗ್ಗೆ ಬಸ್ಸಿಗೆ ಹೊರಡಬೇಕಿತ್ತಲ್ಲ, ಅದನ್ನ ತರೋಕೆ ಹೋಗಿದ್ದೆ."

ಒಂಬತ್ತು ವರ್ಷ ಅವಳು ನನ್ನ ಪ್ರಶ್ನೆಗೆ ಉತ್ತರ ಇಟ್ಟುಕೊಂಡೇ ಇದ್ದಳು. ಆಮೇಲೆ ಮಿಕ್ಕದ್ದನ್ನು ಹೇಳಿದಳು. ನಾನು ಏನೂ ಕೇಳಲಿಲ್ಲ.